ಗಿಟಾರಿಗೆ ಹೊಸ ತಂತಿ

ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿದ ನಮ್ಮ ರೋಣದಲ್ಲಿ ತಂಬೂರಿಗೆ ತಂತಿ ಕಟ್ಟುವದು ಹೊಸ ಮಾತಲ್ಲ. ಆದರೆ ಶಾಲೆಯ ಎಲೆಕ್ಟ್ರಿಕ್ ಗಿಟಾರಿನ ತಂತಿಯು ಹರಿದಾಗ, ಅದನ್ನು ಹುಬ್ಬಳ್ಳಿಗೆ ಕಳಿಸಬೇಕೆಂದೇ ಎಲ್ಲರೂ ಅಂದರು. ಹುಡುಗಿಯರ ಕೈಗೆ ಆ ಕೆಲಸವು ಒಗ್ಗದೆಂಬುದು ಅವರ ಅಭಿಪ್ರಾಯ. ನಾನು ಒಡಂಬಡಲಿಲ್ಲ. ವಾದ್ಯವನ್ನು ನುಡಿಸುವ ಕೈಯು ಅದನ್ನು ಸಜ್ಜುಗೊಳಿಸಲಿಕ್ಕೂ ಕಲಿಯತಕ್ಕದ್ದು.

ಈ ಗಿಟಾರಿನ ಬಿರಡೆಗಳು 1950ರ ದಶಕದ ಫೆಂಡರ್ ಗಿಟಾರುಗಳಲ್ಲಿದ್ದ ಕ್ಲೂಸನ್ ಬಿರಡೆಗಳ ಮಾದರಿಯವು. ಪ್ರತಿಯೊಂದರ ಲೋಹದ ಕಂಬದ ತಲೆಯಲ್ಲಿ ಒಂದು ಸೀಳು. ಅದರ ನಡುವೆ ಕೆಳಗಿಳಿಯುವ ರಂಧ್ರ. ತಂಬೂರಿಯಲ್ಲಿ ತಂತಿಯನ್ನು ಮರದ ಬಿರಡೆಯ ತೂತಿನಲ್ಲಿ ಪೋಣಿಸಿ ಸುತ್ತುವರು. ಇಲ್ಲಿಯಾದರೋ ಮೊದಲೇ ಅಳೆದು ಕತ್ತರಿಸಬೇಕು. ತಂತಿಯನ್ನು ಕುದುರೆಯಿಂದ ಬಿಗಿಯಾಗಿ ಎಳೆದು, ಅದರ ಕಂಬದಿಂದಾಚೆಗೆ ಸುಮಾರು 5 ಸೆಂಟಿಮೀಟರು ಬಿಟ್ಟು ಕತ್ತರಿಸುವದು. ತುದಿಯನ್ನು ರಂಧ್ರದ ತಳಕ್ಕೆ ಇಳಿಸುವದು. ಸೀಳಿನಲ್ಲಿ ಮಡಿಸಿ, ಮೇಲಿನಿಂದ ಕೆಳಕ್ಕೆ ಎರಡು ಮೂರು ಸುತ್ತು ಸುತ್ತುವದು. ಸುತ್ತು ತೀರ ಕಡಿಮೆಯಾದರೆ ತಂತಿಯು ಜಾರುವದು. ಒಂದರ ಮೇಲೊಂದು ಏರಿದರೆ ಶ್ರುತಿ ನಿಲ್ಲದು. ಸೂಜಿಯಂತೆ ಚುಚ್ಚುವ ತುದಿಯು ಕಂಬದೊಳಗೇ ಅಡಗುವದರಿಂದ ಎಳೆಯ ಬೆರಳುಗಳಿಗೆ ಗಾಯದ ಭಯವಿಲ್ಲ.

ಒಂಬತ್ತನೆಯ ಇಯತ್ತೆಯ ಬಾಲಿಕೆಯೊಬ್ಬಳು ಮುಂದೆ ಬಂದಳು. ತಾಯಿಯ ಹೊಲಿಗೆಯಂತ್ರಕ್ಕೆ ದಾರ ಪೋಣಿಸಿ ಪಳಗಿದ ಕೈ ಅವಳದು. ಉಳಿದ ತಂತಿಗಳೂ ತುಕ್ಕು ಹಿಡಿದಿದ್ದರಿಂದ ಆರನ್ನೂ ಬದಲಿಸಿದಳು. ಹೊಸ ತಂತಿಯು ಮೊದಮೊದಲು ಸಡಿಲುವದು. ಆದ್ದರಿಂದ ಮೆಲ್ಲನೆ ಜಗ್ಗಿ, ಮತ್ತೆ ಮತ್ತೆ ಶ್ರುತಿಗೂಡಿಸಿದಳು. ಮರುವಾರ ಕೆಳಗಿನ ಇಯತ್ತೆಯವರಿಗೆ ತಾನೇ ಕಲಿಸಿದಳು. ಮುಂದೆ ಇನ್ನೊಮ್ಮೆ ತಂತಿ ಹರಿದಾಗ ಹುಬ್ಬಳ್ಳಿಯ ಹೆಸರನ್ನು ಯಾರೂ ಎತ್ತಲಿಲ್ಲ.