ಬೆಟ್ಟದ ಮೇಲಿನ ಮನೆ

ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಅಮೆರಿಕದ ಸಿನ್ಸಿನಾಟಿಗೆ ಹೋಗಿದ್ದೆ. ಮೂರು ತಿಂಗಳು ಎಣ್ಣೆ-ನೀರು, ಮೆಣಸಿನ ಸಾರು, ಇಷ್ಟರಲ್ಲೇ ಕಳೆಯಿತು. ಹೊರಡುವ ಮುಂಚಿನ ಭಾನುವಾರ ತಮ್ಮ, "ಅಕ್ಕ, ಇವತ್ತಾದ್ರೂ ಹೊರಗೆ ಬಾ, ಒಂದು ಹಳೇ ಊರು ತೋರಿಸ್ತೀನಿ" ಅಂದ. ನಾನೋ ನಯಾಗರಾದ ಆಸೆ ಇಟ್ಟುಕೊಂಡವಳು!

ಒಹಾಯೋ ನದಿಯ ಮೇಲ್ದಿಕ್ಕಿಗೆ ಸುಮಾರು 80 ಕಿಲೋಮೀಟರ್ ಹೋದರೆ ರಿಪ್ಲಿ. ನದಿಗೆ ಮುಖ ಮಾಡಿ ನಿಂತ ಹಳೇ ಇಟ್ಟಿಗೆ ಮನೆಗಳ ಸಾಲು. ಇಷ್ಟೇನಾ ಅನ್ನಿಸಿತು. "ಎದುರು ದಡ ನೋಡು, ಅದು ಕೆಂಟಕಿ" ಅಂದ ತಮ್ಮ. 1865ರವರೆಗೂ ಅಲ್ಲಿ ಗುಲಾಮಗಿರಿ; ಮನುಷ್ಯರನ್ನು ದನಗಳಂತೆ ಮಾರುತ್ತಿದ್ದರು. ಈ ದಡದಲ್ಲಿ ಅದಿರಲಿಲ್ಲ. ನಡುವೆ ಇದ್ದದ್ದು ನೀರೊಂದೇ.

ದಂಡೆಯ ಬೀದಿಯಲ್ಲೇ ಜಾನ್ ಪಾರ್ಕರ್ ಎಂಬಾತನ ಮನೆಯಿದೆ. ಗುಲಾಮನಾಗಿ ಹುಟ್ಟಿ, ದುಡಿದು, 1845ರಲ್ಲಿ 1800 ಡಾಲರ್ ತೆತ್ತು ತನ್ನನ್ನು ತಾನೇ ಕೊಂಡುಕೊಂಡವನು! ಹಗಲು ಎರಕದ ಕಾರ್ಖಾನೆ ನಡೆಸಿ, ರಾತ್ರಿ ದೋಣಿಯಲ್ಲಿ ಆಚೆ ದಡದವರನ್ನು ಕರೆತರುತ್ತಿದ್ದನಂತೆ.

ಊರ ಹಿಂದಿನ ಬೆಟ್ಟದ ಮೇಲೆ ಪಾದ್ರಿ ಜಾನ್ ರ್ಯಾಂಕಿನ್ನರ ಮನೆ. ನಾವು ಕಾರಿನಲ್ಲಿ ಹೋದೆವು. ಓಡಿಬಂದವರು ಕತ್ತಲಲ್ಲಿ ಏರಿದ ಬೆಟ್ಟ ಅದು. ಕಿಟಕಿಯಲ್ಲಿ ಅವರಿಗಾಗಿ ದೀಪ ಉರಿಯುತ್ತಿತ್ತಂತೆ. 1838ರ ಚಳಿಗಾಲದಲ್ಲಿ ಒಬ್ಬ ತಾಯಿ ಹಸುಗೂಸನ್ನೆತ್ತಿಕೊಂಡು, ಒಡೆಯುತ್ತಿದ್ದ ಹಿಮದ ಹಾಸಿನ ಮೇಲೇ ನದಿ ದಾಟಿ ಇಲ್ಲಿಗೆ ಬಂದಳು. 1852ರಲ್ಲಿ ಪುಸ್ತಕವಾಗಿ ಬಂದ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ಎಲೈಜಾಳಿಗೆ ಅವಳೇ ಮೂಲ ಎನ್ನುತ್ತಾರೆ.

ಎಲ್ಲೆಲ್ಲೂ ಪಾದ್ರಿಯ ಹೆಸರೇ. ನನ್ನ ಮನಸ್ಸು ಮಾತ್ರ ಅವರ ಹೆಂಡತಿ ಜೀನ್ ಹಿಂದೆ ಹೋಯಿತು. ಹದಿಮೂರು ಮಕ್ಕಳ ತಾಯಿ. ಅಷ್ಟು ಚಿಕ್ಕ ಮನೆ. ಅಪರಾತ್ರಿ ಎದ್ದು ಒಲೆ ಹೊತ್ತಿಸಿ, ಒದ್ದೆಯಾಗಿ ಬಂದವರಿಗೆ ಬಟ್ಟೆ, ಊಟ ಕೊಡಬೇಕು. 1850ರ ಕಾನೂನು ಬಂದ ಮೇಲಂತೂ ಹಾಗೆ ನೆರವಾದವರಿಗೆ 1000 ಡಾಲರ್ ದಂಡ, ಆರು ತಿಂಗಳ ಜೈಲು. ಒಂದು ದಿನವಾದರೂ 'ನಮಗ್ಯಾಕೆ ಊರ ಉಸಾಬರಿ' ಅಂದಿರಲಿಕ್ಕಿಲ್ಲವೇ ಆಕೆ?

ನಾನು ಅಂದಿದ್ದೆ. ವರ್ಷಗಳ ಹಿಂದೆ, ನಮ್ಮ ಬೀದಿಯ ಹೆಂಗಸೊಬ್ಬಳು ಗಂಡನ ಏಟು ತಡೆಯಲಾರದೆ ಮಗುವನ್ನೆತ್ತಿಕೊಂಡು ರಾತ್ರಿ ನಮ್ಮ ಬಾಗಿಲು ತಟ್ಟಿದ್ದಳು. ಇವರು ಸುಮ್ಮನಿರು ಎಂದು ಸನ್ನೆ ಮಾಡಿದರು. ನಾನೇ ಎದ್ದು ದೀಪ ಆರಿಸಿದೆ. ಬೆಳಿಗ್ಗೆ ನಲ್ಲಿಯ ಹತ್ತಿರ ಸಿಕ್ಕಾಗ ಅವಳು ಏನೂ ಕೇಳಲಿಲ್ಲ.

ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದೆನೋ ಏನೋ, "ಏನಕ್ಕ, ಸುಮ್ಮನಾಗ್ಬಿಟ್ಟೆ?" ಅಂದ ತಮ್ಮ.

"ಏನಿಲ್ಲಪ್ಪ, ಮಗು ಎದ್ದಿರುತ್ತೆ, ನಡಿ" ಅಂದೆ.