ಸಾಣೆಗೆ ಮೊದಲಿನ ಲೆಕ್ಕ

ದಿಲ್ಲಿಯಲ್ಲಿ ಬೆಳೆದ ತರುಣ ಮಿತ್ರರೇ, ಜೈಪುರಕ್ಕೆ ಹೋದರೆ ಹವಾಮಹಲ್ ಒಂದನ್ನೇ ನೋಡಿ ತಿರುಗಿ ಬರಬೇಡಿ. ಜೌಹರಿ ಬಜಾರಿನಿಂದ 'ಗೋಪಾಲ್‌ಜೀ ಕಾ ರಾಸ್ತಾ' ಎಂಬ ಬೀದಿಗೆ ಹೊರಳಿ. ಕಾಗದದ ಪೊಟ್ಟಣ ಬಿಚ್ಚಿ, ಹರಳುಗಳನ್ನು ಬೆಳಕಿಗೆ ಹಿಡಿದು ನೋಡುವವರು ಅಲ್ಲಿ ಸಿಗುತ್ತಾರೆ. ಒರಟು ಕಲ್ಲನ್ನು ಕೊಳ್ಳುವವರ ಮನಸ್ಸಿನಲ್ಲಿ ನಡೆಯುವ ಲೆಕ್ಕ ಗೊತ್ತೇ?

ರಾಜಸ್ಥಾನದ ಟೋಂಕ್ ಕಡೆ ಸಿಗುವ ಕೆಂಪು ಗಾರ್ನೆಟ್ಟನ್ನೇ ತೆಗೆದುಕೊಳ್ಳಿ. ಇಟ್ಟಿಗೆಯಂಥ ತುಂಡು, ಉದ್ದ, ಅಗಲ 7 ಮಿ.ಮೀ., ದಪ್ಪ 5. ಗಾರ್ನೆಟ್ ನೀರಿಗಿಂತ ಸುಮಾರು 4 ಪಟ್ಟು ಭಾರ. ಹಾಗಾಗಿ ತೂಕ ಸುಮಾರು 1 ಗ್ರಾಂ, ಅಂದರೆ 5 ಕ್ಯಾರೆಟ್. ಇಲ್ಲಿ ಅಳತೆಯನ್ನು ನಿರ್ಧರಿಸುವುದು ಅಗಲವಲ್ಲ, ದಪ್ಪ. ಬಿರುಕಿಗೂ ಸವೆತಕ್ಕೂ 1 ಮಿ.ಮೀ. ಕಳೆಯಿರಿ, ಉಳಿದದ್ದು 4. ದುಂಡು ಹರಳಿನ ಆಳ ಅದರ ಅಗಲದ ಸುಮಾರು ಶೇ. 65ರಷ್ಟಿರಬೇಕು. ಆದ್ದರಿಂದ ಅಗಲ 6 ಮಿ.ಮೀ. ಅಷ್ಟೆ. ಅದರ ತೂಕ ಸುಮಾರು 1 ಕ್ಯಾರೆಟ್! ಐದರಲ್ಲಿ ನಾಲ್ಕು ಪಾಲು ಧೂಳಾಯಿತು.

ಐದಕ್ಕೆ ಹಣ ತೆತ್ತವನು ಒಂದನ್ನು ಮಾರಿ ಬದುಕಬೇಕು. ಸಾಣೆಗಾರನ ಕೂಲಿಯೂ ಅದರಲ್ಲೇ ಹುಟ್ಟಬೇಕು. ಅಗಲದ ಆಸೆಗೆ ಬಿದ್ದು ತಳವನ್ನು ಚಪ್ಪಟೆ ಮಾಡಿದರೆ ಬೆಳಕು ಕೆಳಗೆ ಸೋರಿಹೋಗುತ್ತದೆ. ಅಂಥ ತಿಳಿಬಣ್ಣದ ಹರಳನ್ನು ಪತ್ರಿಕೆಯ ಮೇಲಿಟ್ಟು ನೋಡಿ, ನಡುವೆ ಅಕ್ಷರಗಳು ಕಾಣುತ್ತವೆ. ಕೊಳ್ಳುವ ಮೊದಲು ನೀವೂ ಹೀಗೆ ಪರೀಕ್ಷಿಸಿ.

'ಬುದ್ಧಿಗೆ ಸಾಣೆ ಹಿಡಿ' ಎಂದು ಮನೆಯ ಹಿರಿಯರು ಹೇಳುವುದನ್ನು ಕೇಳಿದ್ದೀರಲ್ಲ? ಆ ಮಾತಿನ ಬೆಲೆ ಈ ಬೀದಿಯಲ್ಲಿ ತಿಳಿಯುತ್ತದೆ.