ನೀರು ಹೊರುವ ಹುಡುಗ

ಕಾಲೇಜಿನ ಆಟದ ಬಯಲೆಂಬುದು ಹಾಸ್ಯಕ್ಕೆ ಹೇಳಿ ಮಾಡಿಸಿದ ಸ್ಥಳ. ಪುಸ್ತಕದ ಹುಳುವೊಬ್ಬ ಹುಡುಗಿಯ ಮೆಚ್ಚಿಕೆಗಾಗಿ ಚೆಂಡಿನ ಬೆನ್ನುಹತ್ತಿದನೆಂದರೆ ನೋಡುವವರ ಹೊಟ್ಟೆ ಹುಣ್ಣಾಗುವುದು ಖಂಡಿತ. ಹಾಲಿವುಡ್ ಈ ಗುಟ್ಟನ್ನು ಮೂಕಚಿತ್ರಗಳ ಕಾಲದಲ್ಲಿಯೇ ಅರಿತಿತ್ತು. 1925ರಲ್ಲಿ ತೆರೆಕಂಡ ‘ದಿ ಫ್ರೆಶ್‌ಮನ್’ ಚಿತ್ರದಲ್ಲಿ ಹೆರಾಲ್ಡ್ ಲಾಯ್ಡನ ಕನ್ನಡಕಧಾರಿ ತರುಣ, ತಾನು ಫುಟ್‌ಬಾಲ್ ತಂಡವನ್ನು ಸೇರಿದೆನೆಂದು ಹಿಗ್ಗುತ್ತಾನೆ. ತಂಡದವರ ಲೆಕ್ಕದಲ್ಲಿ ಆತ ನೀರು ಹೊರುವವನು ಮಾತ್ರ! ಕಾಲೇಜೆಲ್ಲ ಬಲ್ಲ ಸಂಗತಿ ಅವನೊಬ್ಬನಿಗೆ ತಿಳಿಯದು. ಕೊನೆಯ ಪಂದ್ಯದಲ್ಲಿ ಒಬ್ಬೊಬ್ಬರಾಗಿ ಆಟಗಾರರು ಪೆಟ್ಟು ತಿಂದು ಮಲಗಿದಾಗ ಅವನಿಗೂ ಸರದಿ ಬರುತ್ತದೆ. ಬಂದ ಸರದಿಯಲ್ಲಿ ಗೆದ್ದೂ ಬಿಡುತ್ತಾನೆ.

ಎರಡು ವರ್ಷಗಳ ಅನಂತರ ಬಸ್ಟರ್ ಕೀಟನನ ‘ಕಾಲೇಜ್’ ಬಂದಿತು. ಇದರ ನಾಯಕ ದುಡಿದು ಓದಬೇಕಾದ ಬಡವ. ಕಪ್ಪು ವರ್ಣದ ಮಾಣಿಯ ಕೆಲಸ ದೊರಕಿಸಿಕೊಳ್ಳಲು ಮುಖಕ್ಕೆ ಮಸಿ ಬಳಿದುಕೊಳ್ಳುತ್ತಾನೆ. ಕೆನ್ನೆಯ ಬಣ್ಣ ಅಳಿಸಿ ವೇಷ ಬಯಲಾದೊಡನೆ ಕಾಲಿಗೆ ಬುದ್ಧಿ ಹೇಳುತ್ತಾನೆ. ಅಂದು ನಗಲೆಂದು ಮಾಡಿದ ದೃಶ್ಯ, ಇಂದು ನೋಡುವವರ ನಗೆಯನ್ನು ಗಂಟಲಿನಲ್ಲಿಯೇ ತಡೆಯುತ್ತದೆ. ತೆರೆಯ ಮೇಲಿನ ಕಾಲೇಜಿನಲ್ಲಿ ಕಪ್ಪು ಜನಕ್ಕೆ ಮೀಸಲಾದದ್ದು ಅಡುಗೆಯ ಮನೆ. ಆಟದ ಅಂಗಳವೆಲ್ಲ ಬಿಳಿಯರದು.

ನಿಜವಾದ ಅಂಗಳ ಹಾಗಿರಲಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಫ್ರಿಟ್ಜ್ ಪೊಲಾರ್ಡ್ 1916ರಲ್ಲಿಯೇ ರೋಸ್ ಬೌಲ್ ಪಂದ್ಯದಲ್ಲಿ ಆಡಿದ್ದನು. ಮುಂದೆ ಗಾಯಕನಾಗಿ ಜಗತ್ಪ್ರಸಿದ್ಧನಾದ ಪಾಲ್ ರೋಬ್ಸನ್ ರಟ್ಗರ್ಸ್ ಕಾಲೇಜಿನ ಪರವಾಗಿ ಆಡಿ, 1917 ಮತ್ತು 1918ರಲ್ಲಿ ದೇಶದ ಅತ್ಯುತ್ತಮ ಆಟಗಾರರ ಸಾಲಿಗೆ ಸೇರಿದನು. ತಂಡಕ್ಕೆ ಸೇರಲು ಹೋದಾಗ ಅವನ ಮೂಗು ಮುರಿದವರು ಎದುರಾಳಿಗಳಲ್ಲ, ಸ್ವಂತ ಕಾಲೇಜಿನವರೇ! ಇಷ್ಟು ದೊಡ್ಡ ಕಥೆ ಎದುರಿಗಿದ್ದರೂ ಹಾಸ್ಯಚಿತ್ರಗಳಿಗೆ ಕಂಡದ್ದು ಮಸಿ.

ಅಮೆರಿಕದವರನ್ನು ಆಡಿಕೊಳ್ಳುವ ಮುನ್ನ ನಮ್ಮ ಧಾರವಾಡದ ಕಡೆಗೊಮ್ಮೆ ನೋಡುವುದು ಲೇಸು. 1876ರಲ್ಲಿ ಅಲ್ಲಿ ಹುಟ್ಟಿದ ಪಲ್ವಣಕರ್ ಬಾಲೂ, ಅಸ್ಪೃಶ್ಯರೆನಿಸಿಕೊಂಡಿದ್ದ ಮನೆತನದ ಹುಡುಗ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ನೆಲ ಹದಮಾಡುತ್ತ, ದೊರೆಗಳ ಅಭ್ಯಾಸಕ್ಕೆ ಚೆಂಡೆಸೆಯುತ್ತ, ಎಡಗೈ ಸ್ಪಿನ್ನಿನಲ್ಲಿ ಪಳಗಿದನು. ಅವನಿಲ್ಲದೆ ಗೆಲುವಿಲ್ಲವೆಂದು ಕಂಡಾಗ ಹಿಂದೂಗಳ ತಂಡವೂ ಕರೆಯಿತು. ಬಯಲಿನಲ್ಲಿ ಎಲ್ಲರೂ ಅವನು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಚಹದ ವೇಳೆಯಲ್ಲಿ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ ಚಹ. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ ಉರುಳಿಸಿದ ವಿಕೆಟ್ಟುಗಳು 114. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಒಲಿಯಲಿಲ್ಲ. ಅದು ತಮ್ಮ ವಿಠ್ಠಲನಿಗೆ ದೊರೆತದ್ದು 1923ರಲ್ಲಿ.

ಬೆಂಗಳೂರಿನ ದೊಡ್ಡನೆಕ್ಕುಂದಿ ಒಂದು ಕಾಲಕ್ಕೆ ಕೆರೆಯಂಚಿನ ಹಳ್ಳಿ. ಈಗ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ದುಡಿಯಲು ಬಂದವರ ಬಹುಮಹಡಿ ಮನೆಗಳ ಊರು. ಭಾನುವಾರದ ಸಂಜೆ ಅಂಥ ಮನೆಗಳ ಅಂಗಳದಲ್ಲಿ ಕ್ರಿಕೆಟ್ ನಡೆಯುತ್ತದೆ. ಕನ್ನಡ, ತೆಲುಗು, ಬಂಗಾಳಿ, ಹಿಂದಿ, ಎಲ್ಲ ಮಾತಿನ ಮಕ್ಕಳೂ ಒಂದೇ ತಂಡ, ಹುಡುಗಿಯರೂ ಉಂಟು. ನೋಡುವ ತಂದೆತಾಯಿಗಳಿಗೆ ಇದು ಅಭಿಮಾನದ ಸಂಗತಿ, ಆಗಬೇಕಾದುದೇ. ಗೇಟಿನ ಆಚೆ ಕಾವಲುಗಾರನ ಮಗ ನಿಂತಿರುತ್ತಾನೆ. ಚೆಂಡು ಗೋಡೆ ದಾಟಿದಾಗ ಓಡಿಹೋಗಿ ಹೆಕ್ಕಿ ಎಸೆಯುತ್ತಾನೆ. ಅದು ನೇರವಾಗಿ ಬಂದು ಸ್ಟಂಪಿಗೆ ಬಡಿಯುತ್ತದೆ. ಮಕ್ಕಳು ‘ಥ್ಯಾಂಕ್ಯೂ ಭಯ್ಯಾ’ ಎನ್ನುತ್ತಾರೆ. ಓವರು ಮುಂದುವರಿಯುತ್ತದೆ.